ಒಂದೇ ಕಪಾಟಿಗೆ ಬಂದ ಕಾರಂತರು

ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ಶಿವರಾಮ ಕಾರಂತರ ಪುಸ್ತಕಗಳು ಐದಾರು ಕಡೆ ಹಂಚಿಹೋಗಿವೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಕಾದಂಬರಿಗಳೆಲ್ಲ ಅಲ್ಲಿವೆ. ಯಕ್ಷಗಾನದ ಗ್ರಂಥ ರಂಗಕಲೆಯ 792ರಲ್ಲಿ, ಚಿತ್ರಕಲೆಯದು 750ರಲ್ಲಿ, ಪ್ರವಾಸ ಕಥನಗಳು 910ರ ಆಸುಪಾಸಿನಲ್ಲಿ, ವಿಜ್ಞಾನದ ದಪ್ಪ ಸಂಪುಟಗಳು ಒಳಕೋಣೆಯ 500ರ ಸಾಲಿನಲ್ಲಿವೆ. ವಿದ್ಯಾರ್ಥಿಗಳು ಕೇಳಿಕೊಂಡು ಬರುವುದು ಹೆಚ್ಚಾಗಿ ಪಠ್ಯಕ್ಕಿರುವ ಕಾದಂಬರಿಯನ್ನು. ಅದನ್ನು ಪಡೆದವರು ಉಳಿದ ಸಾಲುಗಳ ಕಡೆಗೆ ಹೋಗುವುದೇ ಇಲ್ಲ. ಅಕ್ಟೋಬರ್ 10 ಕಾರಂತರು ಹುಟ್ಟಿದ ದಿನ. ಕಳೆದ ವರ್ಷ ಅದೇ ನೆಪದಲ್ಲಿ ಅವರ ಅಷ್ಟೂ ಪುಸ್ತಕಗಳನ್ನು ಹೊರತೆಗೆದು, ಧೂಳು ಒರೆಸಿ, ಬಾಗಿಲ ಪಕ್ಕದ ಒಂದೇ ಕಪಾಟಿನಲ್ಲಿ ಒಂದು ತಿಂಗಳ ಮಟ್ಟಿಗೆ ಜೋಡಿಸಿದೆ.

ಜೋಡಿಸುವಾಗ ಮೊದಲು ಕೈಗೆ ಸಿಕ್ಕಿದ್ದು ‘ಬಾಲಪ್ರಪಂಚ’ದ ಒಂದು ಹಳೆಯ ಸಂಪುಟ. ಬೆನ್ನಿನ ಬಟ್ಟೆ ಹರಿದು ಹೊಲಿಗೆಯ ದಾರ ಕಾಣುತ್ತಿತ್ತು. ಒಳಗೆ ಒಂದು ಚಿತ್ರದ ಗೆರೆಗಳ ಮೇಲೆಯೇ ಯಾವುದೋ ಮಗು ಪೆನ್ಸಿಲಿನಿಂದ ಎರಡೆರಡು ಸಲ ತೀಡಿತ್ತು. ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಆ ಒತ್ತು ಇನ್ನೂ ತಿಳಿಯುತ್ತದೆ. ರಬ್ಬರ್ ಹಿಡಿದು ಅಳಿಸಲು ಮನಸ್ಸಾಗಲಿಲ್ಲ. 1936ರಲ್ಲಿ ಮೂರು ಸಂಪುಟಗಳಾಗಿ ಬಂದ ಈ ಮಕ್ಕಳ ವಿಶ್ವಕೋಶವನ್ನು ಬರೆದಾತ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು, ಓದಿ ಯಾವ ಪದವಿಯನ್ನೂ ಪಡೆಯದವರು ಎಂಬುದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಇಂದು ಹತ್ತು ಮಂದಿ ತಜ್ಞರ ಸಮಿತಿ ಕೂತು ಮಾಡುವ ಕೆಲಸಕ್ಕೆ ಅವರು ಒಬ್ಬರೇ ಕೈಹಾಕಿದ್ದರು. ವಿಜ್ಞಾನದ ಎಷ್ಟೋ ಸಂಗತಿಗಳಿಗೆ ಕನ್ನಡದಲ್ಲಿ ಇನ್ನೂ ಒಪ್ಪಿತ ಪದಗಳೇ ಇಲ್ಲದಿದ್ದ ಕಾಲದಲ್ಲಿ, ಹಳ್ಳಿಯ ಮಗುವಿಗೆ ಅದರ ಮಾತಿನಲ್ಲೇ ಜಗತ್ತನ್ನು ವಿವರಿಸಬಹುದು ಎಂಬ ನಂಬಿಕೆ ಅವರಿಗಿತ್ತು. 1959ರಿಂದ ಬರತೊಡಗಿದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳ ಬೆನ್ನಿಗಿರುವುದೂ ಅದೇ ನಂಬಿಕೆ. ಅವುಗಳಲ್ಲಿನ ಎಷ್ಟೋ ಮಾಹಿತಿ ಈಗ ಹಳತಾಗಿದೆ, ನಿಜ. ಆದರೆ ಗೊತ್ತಿರುವುದನ್ನು ನೇರವಾಗಿ ಹೇಳುವ ಆ ವಾಕ್ಯಗಳಿಂದ ಪಾಠಪುಸ್ತಕ ಬರೆಯುವವರು ಇವತ್ತಿಗೂ ಕಲಿಯಬೇಕಾದದ್ದಿದೆ.

‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ಗಳನ್ನು ಆ ಹೊತ್ತಿಗಾಗಲೇ ಬರೆದಿದ್ದ ಕಾದಂಬರಿಕಾರನಿಗೆ ಅಕಾಡೆಮಿಯ ಮನ್ನಣೆ ಸಿಕ್ಕಿದ್ದು ಬಯಲಾಟದ ಅಧ್ಯಯನಕ್ಕೆ ಎಂಬುದನ್ನು ಕನ್ನಡ ಎಂ.ಎ. ವಿದ್ಯಾರ್ಥಿಗಳಲ್ಲೂ ಕೆಲವರು ನಂಬುವುದಿಲ್ಲ. ಅವರಿಗೆ ನಾನು ಪುಸ್ತಕವನ್ನೇ ತೆಗೆದು ತೋರಿಸುತ್ತೇನೆ. ರಾತ್ರಿಯಿಡೀ ಆಟ ನೋಡಿ ಬೆಳಗ್ಗೆ ಮನೆಗೆ ಮರಳುತ್ತಿದ್ದ ಕರಾವಳಿಯ ಜನ ತಮ್ಮದೇ ಕಲೆಯನ್ನು ಶಾಸ್ತ್ರವೆಂದು ಎಣಿಸದಿದ್ದಾಗ, ಅದರ ಪ್ರಸಂಗಗಳನ್ನೂ ರಾಗತಾಳಗಳನ್ನೂ ವೇಷಭೂಷಣಗಳನ್ನೂ ಒಂದೊಂದಾಗಿ ಕೂಡಿಸಿ ಮುಂದಿಟ್ಟ ಕೃತಿ ಅದು. ಮುಂದೆ ಅವರು ಮಾತುಗಾರಿಕೆಯನ್ನು ಕಡಿಮೆ ಮಾಡಿ, ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಸೇರಿಸಿ ಮಾಡಿದ ಪ್ರಯೋಗಗಳನ್ನು ನಾನು ಪೂರ್ತಿ ಒಪ್ಪಲಾರೆ. ವೇಷ, ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಅರ್ಥಗಾರಿಕೆಯನ್ನು ಕೇಳುತ್ತಲೇ ಬೆಳೆದ ನನಗೆ ಮಾತಿಲ್ಲದ ಯಕ್ಷಗಾನ ಬಡವಾಯಿತೆಂದೇ ಅನಿಸುತ್ತದೆ. ಆದರೂ ಆ ಪ್ರಯೋಗಕ್ಕೆ ಹೊರಡುವ ಮೊದಲು ಅವರು ಮಾಡಿದ ಸಂಗ್ರಹದ ಶ್ರಮಕ್ಕೆ ತಲೆಬಾಗದೆ ಇರಲಾರೆ.

ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದಾಗ ನನಗೆ ಹೊಳೆದದ್ದು, ಇಷ್ಟೆಲ್ಲ ವಿಷಯಗಳನ್ನು ಕಂಡದ್ದು ಒಂದೇ ಜೊತೆ ಕಣ್ಣು ಎಂಬ ಸಂಗತಿ. ‘ಮರಳಿ ಮಣ್ಣಿಗೆ’ಯಲ್ಲಿ ಕಡಲ ದಂಡೆಯ ಮನೆಯೊಂದರ ಮೂರು ತಲೆಮಾರುಗಳ ಬದುಕನ್ನು ಹೇಳಿದವರೇ ರೇಚಲ್ ಕಾರ್ಸನ್ನರ ಸಮುದ್ರ ವಿಜ್ಞಾನದ ಪುಸ್ತಕವನ್ನು ಕನ್ನಡಕ್ಕೆ ತಂದರು. ಚೋಮನ ದುಡಿಯ ಸದ್ದನ್ನು ಕಾದಂಬರಿಯುದ್ದಕ್ಕೂ ಕೇಳಿಸಿದ ಕಿವಿಯೇ ಚೆಂಡೆ ಮದ್ದಳೆಗಳ ಲೆಕ್ಕಾಚಾರವನ್ನೂ ಬರೆದಿಟ್ಟಿತು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ನಡುವೆ ಶಿಕ್ಷಣದ ಪ್ರಯೋಗ ನಡೆಸಿದ ಮನುಷ್ಯನಿಗೆ ಕಥೆ ಹೇಳುವುದೂ ಕಲಿಸುವುದೂ ಬೇರೆಬೇರೆ ಕೆಲಸಗಳಾಗಿ ತೋರಿರಲಾರವು.

ತಿಂಗಳು ಮುಗಿದು ಪುಸ್ತಕಗಳನ್ನು ಅವುಗಳ ಜಾಗಕ್ಕೆ ಕಳಿಸುವ ದಿನ ‘ಮೂಕಜ್ಜಿಯ ಕನಸುಗಳು’ ನನ್ನ ಕೈಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. 1968ರ ಈ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಮೊಮ್ಮಗ ಸುಬ್ಬರಾಯ ತಂದು ಕೊಟ್ಟ ಹಳೆಯ ವಸ್ತುವನ್ನು ಅಂಗೈಯಲ್ಲಿ ಹಿಡಿದ ಅಜ್ಜಿಗೆ ಹಿಂದಿನ ಕಾಲ ಕಣ್ಣೆದುರು ಕಾಣಿಸುತ್ತದೆ. ದೇವರುಗಳು ಹೇಗೆ ಬದಲಾದರು, ಮನುಷ್ಯ ಹೇಗೆ ಬದುಕಿದ್ದ ಎಂದು ಅವಳು ಹೇಳುತ್ತಾ ಹೋಗುತ್ತಾಳೆ. ಗುಡಿ, ಶಿಲ್ಪ, ಪುರಾತತ್ತ್ವಗಳನ್ನು ಕುರಿತು ಕಾರಂತರು ಓದಿದ್ದು, ತಿರುಗಾಡಿ ನೋಡಿದ್ದು ಎಲ್ಲವೂ ಹತ್ತನೆಯ ವರ್ಷಕ್ಕೇ ವಿಧವೆಯಾದ ಆ ಮುದುಕಿಯ ಬಾಯಿಗೆ ಬಂದು ಸೇರಿವೆ. ನಿಯಮದ ಪ್ರಕಾರ ಅದು 894.814ಕ್ಕೇ ಹೋಗಬೇಕು, ಹೋಯಿತು. ಆಮೇಲೆ ಒಂದು ರಟ್ಟನ್ನು ಪುಸ್ತಕದ ಅಳತೆಗೆ ಕತ್ತರಿಸಿ, ‘ಮೂಕಜ್ಜಿಯ ಕನಸುಗಳು: ಕಾದಂಬರಿ ವಿಭಾಗದಲ್ಲಿ ನೋಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಇತಿಹಾಸದ ಸಾಲಿನಲ್ಲಿ ನಿಲ್ಲಿಸಿದೆ. ಅದು ಈಗಲೂ ಅಲ್ಲೇ ಇದೆ.