ಎಲ್ಲಾ ಆಟ ಫೋನ್‌ನಲ್ಲೇ ಇರುವಾಗ ಈ ಹಳೇ ಮೆಷಿನ್‌ಗಳು ಯಾಕೆ?

"ಪ್ಯಾಕ್‌ಮನ್ ನನ್ನ ಫೋನ್‌ನಲ್ಲೇ ಇದೆಯಲ್ಲ, ಅದಕ್ಕೆ ಇಷ್ಟು ದೊಡ್ಡ ಡಬ್ಬ ಯಾಕೆ? ಅದೂ ಆಡೋದಕ್ಕಿಂತ ರಿಪೇರಿ ಮಾಡೋದೇ ಜಾಸ್ತಿ!"

ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ಮೆಷಿನ್, ಪಿನ್‌ಬಾಲ್, ವಿಡಿಯೊ ಗೇಮ್ ಕೂಡಿಡುವವರೆಲ್ಲ ಈ ಮಾತು ಕೇಳಿಸಿಕೊಂಡಿರುತ್ತಾರೆ. ನನಗೂ ತಪ್ಪಿದ್ದಲ್ಲ. ಕೇಳುವವರ ದನಿಯಲ್ಲಿ ಕೊಂಕು ಇರುವುದಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುತ್ತಾರೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ಹಳೇ ನೆನಪಿಗೆ" ಅಂದುಬಿಟ್ಟರೆ ಎಲ್ಲರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆದರೆ ನನ್ನ ಕಾರಣ ಅದಲ್ಲ. ನಾನು ತುಂಬಾ ಇಷ್ಟಪಡುವ ಕೆಲವು ಮೆಷಿನ್‌ಗಳು ನಾನು ಹುಟ್ಟುವ ಮೊದಲೇ ಹಳೆಯದಾಗಿದ್ದವು. ಅವುಗಳ ಜೊತೆ ನನಗೆ ಯಾವ ಬಾಲ್ಯದ ನಂಟೂ ಇಲ್ಲ. ನನ್ನ ಉತ್ತರ ಬೇರೆ: ಫೋನ್‌ನಲ್ಲಿರುವುದು ಆಟದ ಒಂದು ತುಂಡು. ಉಳಿದ ತುಂಡು ಗಾಜಿನಲ್ಲಿ, ತಂತಿಯಲ್ಲಿ, ಸ್ಪ್ರಿಂಗ್‌ನಲ್ಲಿ ಇದೆ. ಕೆಲವು ಆಟಗಳಲ್ಲಂತೂ ಫೋನ್‌ಗೆ ತುಂಬಿಕೊಳ್ಳಲು ಏನೂ ಇಲ್ಲ.

1972ರಲ್ಲಿ ಅಟಾರಿ ಕಂಪನಿಗಾಗಿ ಅಲನ್ ಆಲ್ಕಾರ್ನ್ ಕಟ್ಟಿದ ಪಾಂಗ್ ಎಂಬ ಟೇಬಲ್ ಟೆನಿಸ್‌ನಂಥ ಆಟ ನೋಡಿ. ಅದರಲ್ಲಿ ಮೈಕ್ರೊಪ್ರೊಸೆಸರ್ ಇಲ್ಲ. ಚಿಪ್‌ನಲ್ಲಿ ಬರೆದಿಟ್ಟ ಪ್ರೋಗ್ರಾಂ ಇಲ್ಲ. ಎಣಿಸುವುದು, ಹೋಲಿಸಿ ನೋಡುವುದು, ಇಷ್ಟೇ ಗೊತ್ತಿರುವ ಸಣ್ಣ ಲಾಜಿಕ್ ಚಿಪ್‌ಗಳನ್ನು ಒಂದು ಬೋರ್ಡ್ ಮೇಲೆ ಜೋಡಿಸಿ ಚೆಂಡು, ಬ್ಯಾಟು, ಸ್ಕೋರು ಎಲ್ಲ ಮಾಡಿದ್ದಾರೆ. ನಕಲು ಮಾಡಿಕೊಳ್ಳಲು ಅಲ್ಲಿ ಫೈಲೇ ಇಲ್ಲ. ಆ ಬೋರ್ಡೇ ಆಟ. ಪಾಂಗ್‌ನಲ್ಲಿ ಬ್ಯಾಟು ಪರದೆಯ ತುದಿ ಮುಟ್ಟುವುದಿಲ್ಲ, ಒಂದು ಸಂದು ಉಳಿಯುತ್ತದೆ. ಅದು ಸರ್ಕ್ಯೂಟ್‌ನ ಕೊರತೆ. ಆಲ್ಕಾರ್ನ್ ಅದನ್ನು ಬೇಕೆಂದೇ ಹಾಗೆ ಬಿಟ್ಟರು, ಯಾಕೆಂದರೆ ಸಂದು ಮುಚ್ಚಿದರೆ ಚೆನ್ನಾಗಿ ಆಡುವ ಇಬ್ಬರ ಆಟ ಮುಗಿಯುವುದೇ ಇಲ್ಲ. ಕಂಪ್ಯೂಟರ್‌ನಲ್ಲಿ ಪಾಂಗ್ ಬೇಕಿದ್ದರೆ ಒಂದೊಂದು ಚಿಪ್‌ನ ನಡವಳಿಕೆಯನ್ನೂ ಅನುಕರಿಸಬೇಕು, ಇಲ್ಲವೇ ನೋಡಿಕೊಂಡು ಹೊಸದಾಗಿ ಬರೆಯಬೇಕು. ಸುಲಭವಾದ ದಾರಿ ಎರಡನೆಯದು, ಅಲ್ವಾ?

ಪ್ರೋಗ್ರಾಂ ಇರುವ ಆಟಗಳದ್ದೂ ಪೂರ್ತಿ ಬೇರೆ ಕಥೆಯೇನಲ್ಲ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಸಾಯುತ್ತಾ ಹೋದಂತೆ ಉಳಿದವರ ವೇಗ ಏರುತ್ತದೆ. ಮೆಷಿನ್ ಒಂದು ಸಲಕ್ಕೆ ಒಬ್ಬ ಶತ್ರುವಿನ ಜಾಗವನ್ನು ಮಾತ್ರ ಬದಲಿಸುತ್ತದೆ. 55 ಜನ ಇದ್ದಾಗ ಒಂದು ಸುತ್ತು ಮುಗಿಯಲು ಹೊತ್ತು ಹಿಡಿಯುತ್ತದೆ, ಐವರಿದ್ದಾಗ ಇಲ್ಲ. ಆಟ ರೂಪಿಸಿದ ಟೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸದೆ ಆಟದ ಜೀವಾಳ ಮಾಡಿಕೊಂಡರು. ಇದನ್ನು ಎಮ್ಯುಲೇಟರ್, ಅಂದರೆ ಹಳೆಯ ಮೆಷಿನ್‌ನಂತೆಯೇ ನಡೆದುಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಂ, ಚೆನ್ನಾಗಿಯೇ ತೋರಿಸುತ್ತದೆ, ಒಪ್ಪುತ್ತೇನೆ. ಆದರೆ ಅದರ ನಿಂತು ಆಡುವ ಕ್ಯಾಬಿನೆಟ್, ಅಂದರೆ ಆಟದ ಪೆಟ್ಟಿಗೆ, ನೋಡಿದ್ದೀರಾ? ಅಲ್ಲಿ ಪರದೆ ನಿಮ್ಮ ಎದುರಿಗೆ ಇಲ್ಲವೇ ಇಲ್ಲ. ಅದು ಕೆಳಗೆ ಮಲಗಿರುತ್ತದೆ. ಅದರ ಚಿತ್ರ ಓರೆಯಾಗಿ ನಿಲ್ಲಿಸಿದ ಅರೆಕನ್ನಡಿಯ ಮೇಲೆ ಬಿದ್ದು ನಿಮ್ಮ ಕಣ್ಣಿಗೆ ಬರುತ್ತದೆ. ಕನ್ನಡಿಯ ಹಿಂದೆ ಚಂದ್ರನ ನೆಲದ ಚಿತ್ರ ಬಿಡಿಸಿದ ಹಲಗೆ. ಶತ್ರುಗಳು ಆ ನೆಲದ ಮುಂದೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತಾರೆ. ಪರದೆ ಕಪ್ಪು-ಬಿಳುಪಿನದು, ಬಣ್ಣ ಬರುವುದು ಅದರ ಮೇಲಿನ ಬಣ್ಣದ ಹಾಳೆಯಿಂದ.

ಇನ್ನು 1979ರ ಆಸ್ಟರಾಯ್ಡ್ಸ್. ಅದರ ಪಿಕ್ಚರ್ ಟ್ಯೂಬ್ ಹಳೇ ಟಿವಿಯ ಟ್ಯೂಬ್‌ನ ಹಾಗೆ ಸಾಲು ಸಾಲಾಗಿ ಚಿತ್ರ ತುಂಬುವುದಿಲ್ಲ. ಎಲೆಕ್ಟ್ರಾನ್ ಕಿರಣ ನೇರವಾಗಿ ಗೆರೆ ಎಳೆಯುತ್ತದೆ. ಗುಂಡು ಹಾರಿಸಿದಾಗ ಕಿರಣ ಒಂದೇ ಚುಕ್ಕಿಯ ಮೇಲೆ ನಿಲ್ಲುತ್ತದೆ, ಆ ಚುಕ್ಕಿ ಉಳಿದ ಗೆರೆಗಳಿಗಿಂತ ಎಷ್ಟೋ ಪಾಲು ಹೊಳೆಯುತ್ತದೆ. ಕತ್ತಲ ಕೋಣೆಯಲ್ಲಿ ಅದನ್ನು ನೋಡಿದವರಿಗೆ ನಾನು ಏನೂ ವಿವರಿಸಬೇಕಾಗಿಲ್ಲ. ಮನೆಯಲ್ಲಿ ಆಡುವವರಿಗೆ ಇಂಥದ್ದೇ ಟ್ಯೂಬ್ ಇಟ್ಟು 1982ರಲ್ಲಿ ವೆಕ್ಟ್ರೆಕ್ಸ್ ಬಂತು.

ಟಿವಿಯತ್ತ ಆಟದ ಗನ್ ಹಿಡಿದು ಬಾತುಕೋಳಿ ಹೊಡೆಯುವ ನಿಂಟೆಂಡೊದ ಡಕ್ ಹಂಟ್ ಇನ್ನೂ ನೇರ ಉದಾಹರಣೆ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬೆಳಕನ್ನು ನೋಡುವುದು ಗನ್, ಪರದೆಯಲ್ಲ. ಕಪ್ಪಿನ ಹಿಂದೆಯೇ ಬೆಳಕು ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಇದಕ್ಕೆಲ್ಲ ಪಿಕ್ಚರ್ ಟ್ಯೂಬ್‌ನ ಕರಾರುವಾಕ್ ಸಮಯ ಬೇಕು. ಚಪ್ಪಟೆ ಟಿವಿ ಚಿತ್ರವನ್ನು ಚೂರು ತಡವಾಗಿ ತೋರಿಸುತ್ತದೆ. ಮೂಲ ಗನ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಪಿನ್‌ಬಾಲ್ ವಿಷಯಕ್ಕೆ ಬಂದರೆ ವಾದವೇ ಬೇಡ. ಫೋನ್‌ನಲ್ಲಿ ಪಿನ್‌ಬಾಲ್ ಆಡುವುದು ಈಜುವ ವಿಡಿಯೊ ನೋಡಿದ ಹಾಗೆ. ನಿಜವಾದ ಮೆಷಿನ್‌ನಲ್ಲಿ 27 ಮಿಲಿಮೀಟರ್ ಅಡ್ಡಳತೆಯ, 80 ಗ್ರಾಂ ತೂಕದ ಉಕ್ಕಿನ ಗುಂಡು ಇಳಿಜಾರು ಹಲಗೆಯ ಮೇಲೆ ಓಡುತ್ತದೆ. ಹೊಸ ಕಾಲದ ಮೆಷಿನ್‌ಗಳಲ್ಲಿ ಆ ಇಳಿಜಾರು ಸುಮಾರು 6.5 ಡಿಗ್ರಿ. ಅರ್ಧ ಡಿಗ್ರಿ ಹೆಚ್ಚು ಕಡಿಮೆಯಾದರೂ ಕೈಗೆ ಗೊತ್ತಾಗುತ್ತದೆ. ಮೆಷಿನ್‌ನ್ನು ಸೊಂಟದಿಂದ ಚೂರೇ ತಳ್ಳಿ ಗುಂಡಿನ ದಾರಿ ತಿರುಗಿಸಬಹುದು. ಜಾಸ್ತಿ ತಳ್ಳಿದರೆ ಒಳಗೆ ತೂಗುಬಿಟ್ಟ ಲೋಹದ ತುಂಡು ಸುತ್ತಲಿನ ಬಳೆಗೆ ತಾಗಿ ಟಿಲ್ಟ್ ಆಗುತ್ತದೆ, ಆ ಗುಂಡಿನ ಆಟ ಅಲ್ಲಿಗೆ ಮುಗಿಯಿತು. ಎಷ್ಟು ತಳ್ಳಬಹುದು ಅನ್ನುವುದು ಒಂದೊಂದು ಮೆಷಿನ್‌ಗೂ ಬೇರೆ.

ಇದು ಅದೃಷ್ಟದ ಆಟ, ಜೂಜು ಅಂತ ನ್ಯೂಯಾರ್ಕ್ ನಗರ 1940ರ ದಶಕದಿಂದ 1976ರವರೆಗೆ ಪಿನ್‌ಬಾಲ್ ನಿಷೇಧಿಸಿತ್ತು. 1976ರಲ್ಲಿ ಪಿನ್‌ಬಾಲ್ ಆಟಗಾರ ರೋಜರ್ ಶಾರ್ಪ್ ನಗರದ ಅಧಿಕಾರಿಗಳ ಮುಂದೆಯೇ ಆಡಿ ತೋರಿಸಿದರು. ಗುಂಡು ಮೇಲಿನ ಮಧ್ಯದ ದಾರಿಯಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿ, ಗುಂಡನ್ನು ಆಟಕ್ಕೆ ಚಿಮ್ಮಿಸುವ ಸ್ಪ್ರಿಂಗ್ ಕಡ್ಡಿ, ಅಂದರೆ ಪ್ಲಂಜರ್, ಎಳೆದು ಬಿಟ್ಟರು. ಹೇಳಿದಂತೆಯೇ ಆಯಿತು. ಆ ಸ್ಪ್ರಿಂಗ್‌ನ ಎಳೆತ ಬೆರಳಿಗೆ ಗೊತ್ತಿದ್ದರಿಂದ ಆದ ಕೆಲಸ ಅದು. ಅಂದಹಾಗೆ, ಈಗ ಪಿನ್‌ಬಾಲ್ ಅಂದ ಕೂಡಲೇ ನೆನಪಾಗುವ ಫ್ಲಿಪ್ಪರ್‌ಗಳು, ಅಂದರೆ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಕೈಗಳು, ಬಂದಿದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿಯಲ್ಲಿ. ಅದಕ್ಕೆ ಮೊದಲು ಗುಂಡು ಬಿಟ್ಟ ಮೇಲೆ ತಳ್ಳುವುದೊಂದೇ ದಾರಿ.

ಹಾಗಾದರೆ ಎಮ್ಯುಲೇಟರ್ ಅಂದರೆ ನನಗೆ ಆಗುವುದಿಲ್ಲವೇ? ಖಂಡಿತ ಹಾಗಲ್ಲ. ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರು ಮಾಡಿದ ಮೇಮ್ ಎಂಬ ಆರ್ಕೇಡ್ ಎಮ್ಯುಲೇಟರ್ ಇಲ್ಲದಿದ್ದರೆ ಎಷ್ಟೋ ಆಟಗಳು ಹೆಸರೂ ಉಳಿಯದೆ ಹೋಗುತ್ತಿದ್ದವು. ರಿಪೇರಿ ಮಾಡುವಾಗ ನಾನೂ ಅದರ ಮಾಹಿತಿಯನ್ನೇ ನೋಡುತ್ತೇನೆ. ಆದರೆ ಕೇಳುವವರು ಒಂದು ವಿಷಯ ಗಮನಿಸಿರುವುದಿಲ್ಲ. ಎಮ್ಯುಲೇಟರ್‌ಗೆ ಆಟ ಬಂದದ್ದು ಎಲ್ಲಿಂದ? ಯಾರೋ ಕೆಡದಂತೆ ಕಾಪಾಡಿದ ಬೋರ್ಡ್‌ನಿಂದ.

ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಸಿಪಿಎಸ್-2 ಬೋರ್ಡ್‌ಗಳ ಕಥೆ ಕೇಳಿ. ನಕಲು ತಡೆಯಲು ಅವರು ಪ್ರೋಗ್ರಾಮನ್ನು ಗೂಢಲಿಪಿಯಲ್ಲಿ ಇಟ್ಟರು. ಅದನ್ನು ಬಿಡಿಸುವ ಕೀಲಿಯನ್ನು ಬ್ಯಾಟರಿಯಿಂದ ನಡೆಯುವ ಮೆಮೊರಿಯಲ್ಲಿ ಇಟ್ಟರು. ಬ್ಯಾಟರಿ ಸತ್ತರೆ ಕೀಲಿ ಹೋಯಿತು, ಕೀಲಿ ಹೋದರೆ ಬೋರ್ಡ್ ಸತ್ತಿತು. ಬೋರ್ಡ್‌ನಲ್ಲಿ ಬೇರೆ ಯಾವ ದೋಷವೂ ಇಲ್ಲ, ಆದರೂ ಆಟ ಶುರುವಾಗುವುದಿಲ್ಲ. ಕೂಡಿಡುವವರು ಇದನ್ನು ಆತ್ಮಹತ್ಯೆ ಬ್ಯಾಟರಿ ಅಂತಲೇ ಕರೆಯುತ್ತಾರೆ. 2001ರ ಹೊತ್ತಿಗೆ ಕೆಲವರು ಇದನ್ನು ಒಡೆಯುವ ದಾರಿ ಕಂಡುಕೊಂಡರು. ಅದಕ್ಕೆ ಬೇಕಾದದ್ದು ಬ್ಯಾಟರಿ ಇನ್ನೂ ಜೀವಂತ ಇದ್ದ ಬೋರ್ಡ್‌ಗಳು. ಸಮಯಕ್ಕೆ ಸರಿಯಾಗಿ ಬ್ಯಾಟರಿ ಬದಲಿಸುತ್ತಾ ಬಂದವರು ಇರದಿದ್ದರೆ ಆ ಕೆಲಸ ಆಗುತ್ತಿರಲಿಲ್ಲ.

"ಎಲ್ಲಾ ಆಟನೂ ಸಿಗುತ್ತೆ" ಅನ್ನುವುದೂ ಅಷ್ಟು ನಿಜವಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಹೊಸದಾಗಿ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಮಾರಾಟಕ್ಕಿಲ್ಲ ಎಂದು 2023ರಲ್ಲಿ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್‌ನ ಅಧ್ಯಯನ ಹೇಳಿತು. ನಮಗೆ ಸಿಗುವುದು ಹೆಸರುವಾಸಿಯಾದವು ಮಾತ್ರ.

ಇನ್ನು ರಿಪೇರಿ. ಆಡುವುದಕ್ಕಿಂತ ರಿಪೇರಿಯೇ ಜಾಸ್ತಿ ಅನ್ನುವುದು ನಿಜ. ಅದರಲ್ಲಿ ಬೇಸರ ಪಡುವಂಥದ್ದು ನನಗೇನೂ ಕಂಡಿಲ್ಲ. ಪಿನ್‌ಬಾಲ್ ಮೆಷಿನ್‌ನ ಹಲಗೆ ಎತ್ತಿ ನಿಲ್ಲಿಸಿ ಒಳಗೆ ನೋಡಿದವರಿಗೆ ಇದು ಗೊತ್ತಾಗುತ್ತದೆ. ಫ್ಲಿಪ್ಪರ್‌ನ ಕಾಯಿಲ್‌ನಲ್ಲಿ, ಅಂದರೆ ಅದನ್ನು ಎಳೆಯುವ ತಂತಿ ಸುರುಳಿಯಲ್ಲಿ, ಎರಡು ಸುತ್ತುಗಳಿವೆ. ದಪ್ಪ ತಂತಿಯದು ಗುಂಡನ್ನು ಹೊಡೆಯಲು, ತೆಳು ತಂತಿಯದು ಫ್ಲಿಪ್ಪರನ್ನು ಎತ್ತಿಯೇ ಹಿಡಿಯಲು. ಫ್ಲಿಪ್ಪರ್ ಮೇಲೆ ಬಂದ ಕೂಡಲೇ ಹಳೆಯ ಮೆಷಿನ್‌ಗಳಲ್ಲಿ ಒಂದು ಸಣ್ಣ ಸ್ವಿಚ್ ತೆರೆದುಕೊಂಡು ಕೆಲಸವನ್ನು ತೆಳು ಸುತ್ತಿಗೆ ಒಪ್ಪಿಸುತ್ತದೆ. ಆ ಸ್ವಿಚ್‌ನ ತುದಿ ಕೊಳೆಯಾದರೆ ಫ್ಲಿಪ್ಪರ್ ಸೊರಗುತ್ತದೆ. ತೆರೆದುಕೊಳ್ಳದೇ ಹೋದರೆ ಕಾಯಿಲ್ ಸುಟ್ಟುಹೋಗುತ್ತದೆ. ಪ್ರೋಗ್ರಾಂ ಓದಲು ಬಾರದವರೂ ಇದನ್ನು ಕಣ್ಣಿಂದ ನೋಡಿ ಅರ್ಥಮಾಡಿಕೊಳ್ಳಬಹುದು.

ಉಳಿದದ್ದು ದಿನನಿತ್ಯದ ಕೆಲಸ. ಗುಂಡಿನ ಮೇಲೆ ಗೀರು ಬಿದ್ದರೆ ಬದಲಿಸಬೇಕು, ಇಲ್ಲದಿದ್ದರೆ ಅದು ಹಲಗೆಯ ಬಣ್ಣವನ್ನು ಉಜ್ಜಿ ತೆಗೆಯುತ್ತದೆ. ಹಲಗೆ ಒರೆಸಿ ಮೇಣ ಹಚ್ಚಬೇಕು. ಒಣಗಿ ಬಿರುಕು ಬಿಟ್ಟ ರಬ್ಬರ್ ರಿಂಗ್ ತೆಗೆದು ಹೊಸದು ಹಾಕಬೇಕು. ಕಾಯಿಲ್ ಒಳಗಿನ ಪ್ಲಾಸ್ಟಿಕ್ ಕೊಳವೆಗೆ ಎಣ್ಣೆ ಮಾತ್ರ ಬಿಡಬಾರದು, ಧೂಳು ಕೂತು ಅಂಟು ಅಂಟಾಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ ದಪ್ಪ ಫ್ಯೂಸ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಫ್ಯೂಸ್ ಉಳಿದರೆ ತಂತಿ ಸುಡುತ್ತದೆ, ಅಷ್ಟೇ ವ್ಯತ್ಯಾಸ.

ವಿಡಿಯೊ ಗೇಮ್ ಬೋರ್ಡ್ ಕಾಡಿದರೆ ಮೊದಲು ಮಲ್ಟಿಮೀಟರ್ ಇಟ್ಟು 5 ವೋಲ್ಟ್ ಸರಿಯಾಗಿ ಬರುತ್ತಿದೆಯೇ ನೋಡಿ. ವೋಲ್ಟೇಜ್ ಸ್ವಲ್ಪ ಇಳಿದರೂ ಆಟ ತಾನಾಗಿ ರೀಸೆಟ್ ಆಗುತ್ತಿರುತ್ತದೆ, ನಾವು ಚಿಪ್ ಕೆಟ್ಟಿದೆ ಅಂದುಕೊಂಡು ಅದನ್ನೇ ಬೈಯುತ್ತೇವೆ. ಕಿಟಕಿಯಿರುವ ಮೆಮೊರಿ ಚಿಪ್ ಮೇಲಿನ ಸ್ಟಿಕರ್ ಕಿತ್ತು ಬಂದಿದ್ದರೆ ಹೊಸದು ಅಂಟಿಸಿ. ಅತಿನೇರಳೆ ಬೆಳಕು ಆ ಕಿಟಕಿಯೊಳಗೆ ಬಿದ್ದರೆ ಒಳಗಿರುವುದು ಅಳಿಸಿಹೋಗುತ್ತದೆ. ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ, ಅಂದರೆ ಕಾರ್ಟ್ರಿಜ್‌ಗೆ, ಬಾಯಿಂದ ಊದುವುದು ಬೇಡ. ಉಸಿರಿನ ತೇವ ಲೋಹದ ತುದಿಗಳಿಗೆ ಒಳ್ಳೆಯದಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಿದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ಧೈರ್ಯ ತೋರಿಸಬೇಡಿ: ಪಿಕ್ಚರ್ ಟ್ಯೂಬ್. ಬಣ್ಣದ ಟ್ಯೂಬ್‌ನಲ್ಲಿ 20,000 ವೋಲ್ಟ್‌ನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಒಳಗೆ ನಿಂತಿರಬಹುದು. ಚಿತ್ರ ಕುಗ್ಗುವುದು, ಬಳುಕುವುದು ಕಂಡರೆ ಎಷ್ಟೋ ಸಲ ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಿದರೆ ಸರಿಹೋಗುತ್ತದೆ. ಆದರೆ ಆ ಕೆಲಸವನ್ನು ಗೊತ್ತಿರುವವರ ಪಕ್ಕದಲ್ಲಿ ನಿಂತು ಕಲಿಯಬೇಕು, ವಿಡಿಯೊ ನೋಡಿ ಅಲ್ಲ.

ಟ್ಯೂಬ್ ಪೂರ್ತಿ ಸತ್ತು ಬೇರೆ ಸಿಗದಿದ್ದರೆ? ಚಪ್ಪಟೆ ಪರದೆ ಹಾಕಿ, ಮೆಷಿನ್ ಮೂಲೆ ಸೇರುವುದಕ್ಕಿಂತ ವಾಸಿ. ಆದರೆ ಚೆನ್ನಾಗಿರುವ ಮೂಲ ಬೋರ್ಡ್ ಕಿತ್ತೆಸೆದು, ಸಾವಿರ ಆಟ ತುಂಬಿದ ಬೋರ್ಡ್ ಹಾಕುವವರ ಜೊತೆ ನನಗೆ ರಾಜಿಯಿಲ್ಲ. ಸಾವಿರ ಆಟ ಬೇಕಿದ್ದರೆ ಹೊಸ ಕ್ಯಾಬಿನೆಟ್ ಮಾಡಿಸಿಕೊಳ್ಳಿ.

ಇಷ್ಟು ಕೇಳಿದ ಮೇಲೆ ಕೆಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಹಾಗಾದ್ರೆ ನಾನೂ ಒಂದು ತಗೊಳ್ಳಲಾ?" ತಗೊಳ್ಳಿ, ಆದರೆ ಪಿನ್‌ಬಾಲ್‌ನಿಂದ ಶುರು ಮಾಡಬೇಡಿ. ನೂರು ಕಿಲೋಗೂ ಹೆಚ್ಚು ತೂಗುತ್ತದೆ, ಕೆಡುವ ಜಾಗಗಳು ಲೆಕ್ಕವಿಲ್ಲ. ಕಾರ್ಟ್ರಿಜ್ ಹಾಕುವ ಹಳೆಯ ಗೇಮ್ ಮೆಷಿನ್ ಒಂದನ್ನು ತನ್ನಿ, ಜೊತೆಗೆ ಒಂದು ಚಿಕ್ಕ ಟ್ಯೂಬ್ ಟಿವಿ. ಮುಂದೆ ಯಾವತ್ತಾದರೂ ಪಿನ್‌ಬಾಲ್ ಮನೆಗೆ ಬಂದರೆ, ಆಡುವ ಮೊದಲು ಹಿಂದಿನ ಪೆಟ್ಟಿಗೆ ತೆರೆದು ಬೋರ್ಡ್ ಮೇಲಿನ ಬ್ಯಾಟರಿ ನೋಡಿ. ಸೋರಿದ್ದರೆ ಮೊದಲು ಅದನ್ನು ತೆಗೆದು, ಬೋರ್ಡನ್ನು ವಿನಿಗರ್‌ನಿಂದ ಒರೆಸಿ, ಆಮೇಲೆ ಆಲ್ಕೋಹಾಲ್‌ನಿಂದ ಸ್ವಚ್ಛ ಮಾಡಿ. ಹೊಸ ಬ್ಯಾಟರಿಯನ್ನು ತಂತಿ ಕಟ್ಟಿ ಬೋರ್ಡ್‌ನಿಂದ ದೂರ, ಪೆಟ್ಟಿಗೆಯ ತಳದಲ್ಲಿ ಇಡಿ. ಸೋರಿದರೂ ಮರದ ಮೇಲೆ ಸೋರಲಿ.