ಕೋಪ ಇರೋದು ಬೇರೆಯವರಿಗೆ

"ಗೊನ್‌ಗೆ ಕೋಪ ಇಲ್ಲ ಅತ್ತೆ. ಕೋಪ ಇರೋದು ಬೇರೆಯವರಿಗೆ."

ಮಂಗಳವಾರ ರಾತ್ರಿ ಸಾರನ್ನ ಕಲಸುತ್ತಾ ಅವನು ಹೇಳಿದ ಮಾತಿದು. ಇವತ್ತು ಭಾನುವಾರ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಮಾತು ಮತ್ತೆ ಮತ್ತೆ ಕೇಳಿಸುತ್ತಿದೆ.

ಅವನು ನನ್ನ ಅಣ್ಣನ ಮಗ. ಹದಿಮೂರು ವರ್ಷ. ಬೇಸಿಗೆ ರಜೆಯಿಂದ ನಾವಿಬ್ಬರೂ ರಾತ್ರಿ ಊಟದ ಹೊತ್ತಿಗೆ 'ಹಂಟರ್ ಹಂಟರ್' ಅನ್ನೋ ಜಪಾನಿ ಕಾರ್ಟೂನ್ ಸರಣಿ ನೋಡುತ್ತಿದ್ದೆವು. ಅದರ ಮೂಲವಾದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ ಪುಸ್ತಕ, ಅವನು ಸ್ನೇಹಿತನ ಮನೆಯಲ್ಲಿ ಒಂದಿಷ್ಟು ಓದಿದ್ದ. ನನಗೆ ಅನಿಮೆಯೇ, ಅಂದರೆ ಈ ಕಾರ್ಟೂನೇ ಗತಿ. 2011ರಲ್ಲಿ ಶುರುವಾಗಿ 2014ರಲ್ಲಿ ಮುಗಿದದ್ದು, ಒಟ್ಟು 148 ಕಂತು. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ, ಪಕ್ಕದಲ್ಲಿ ಅಮ್ಮನ ಜಪಮಾಲೆ, ಹೊರಗೆ ನಮ್ಮೂರು ಸಾಗರದ ಮಳೆ. ಹೋಮ್‌ವರ್ಕ್ ಮುಗಿದರೆ ಎರಡು ಕಂತು, ಇಲ್ಲದಿದ್ದರೆ ಒಂದು.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಗೊನ್ ಅನ್ನೋ ಹುಡುಗ ತಿಮಿಂಗಿಲ ದ್ವೀಪದಲ್ಲಿ ಬೆಳೆಯುತ್ತಾನೆ. ಅವನ ಅಪ್ಪನ ಹೆಸರನ್ನು ನಾನು ಇಂಗ್ಲಿಷ್ ಅಕ್ಷರ ನೋಡಿ ಗಿಂಗ್ ಅಂತ ಓದುತ್ತಿದ್ದೆ. "ಜಿನ್ ಅತ್ತೆ, ಜಪಾನಿಯಲ್ಲಿ ಜಿನ್" ಅಂತ ಇವನು ಮೊದಲ ದಿನವೇ ತಿದ್ದಿದ. ಈ ಜಿನ್ ಲೋಕಕ್ಕೇ ಹೆಸರಾದ ಹಂಟರ್, ಅಂದರೆ ಅಪರೂಪದ್ದನ್ನು ಹುಡುಕುತ್ತಾ ಲೋಕ ಸುತ್ತುವ ಸಾಹಸಿ. ಹಾಳು ಬಿದ್ದ ಹಳೇ ಊರುಗಳನ್ನು ಹುಡುಕಿ ಉಳಿಸಿದವನು. ಎಲ್ಲಿ ಇದ್ದಾನೆ ಅಂತ ಯಾರಿಗೂ ಗೊತ್ತಿಲ್ಲ. ಮಗ ಪುಟ್ಟ ಕೂಸಾಗಿದ್ದಾಗಲೇ ಬಿಟ್ಟು ಹೋದ. ಸಾಕಿದವಳು ಮಿತೋ, ಜಿನ್‌ನ ದಾಯಾದಿ ತಂಗಿ. ಕೋರ್ಟಿಗೆ ಹೋಗಿ ಮಗುವನ್ನು ತನ್ನ ಸುಪರ್ದಿಗೆ ಪಡೆದವಳು. ನಿನ್ನ ಅಪ್ಪ ಅಮ್ಮ ಅಪಘಾತದಲ್ಲಿ ಹೋದರು ಅಂತ ಗೊನ್‌ಗೆ ಹೇಳಿಕೊಂಡೇ ಬೆಳೆಸಿದಳು. ಕಾಡಿನಲ್ಲಿ ಕೈಟ್ ಅನ್ನುವವನು ಸಿಕ್ಕಿ, ನಿನ್ನಪ್ಪ ಬದುಕಿದ್ದಾನೆ, ಅವನೊಬ್ಬ ಹಂಟರ್ ಅಂದಾಗಲೇ ಹುಡುಗನಿಗೆ ನಿಜ ಗೊತ್ತಾಗಿದ್ದು. ಅಪ್ಪನನ್ನು ಹುಡುಕಲು ತಾನೂ ಹಂಟರ್ ಆಗಬೇಕು ಅಂತ ಹೊರಡುತ್ತಾನೆ.

ಮಿತೋ ಆ ಸುಳ್ಳು ಹೇಳಿದ್ದು ಗೊತ್ತಾದಾಗ ನಾನು ವಿಡಿಯೋ ನಿಲ್ಲಿಸಿ ಒಲೆ ನೋಡಿ ಬರ್ತೀನಿ ಅಂತ ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ನಮ್ಮ ಮನೆಯಲ್ಲಿ ಯಾರೂ ಸತ್ತರು ಅಂತ ನಾನು ಹೇಳಿಲ್ಲ. ಆದರೆ "ಅಪ್ಪನಿಗೆ ಕೆಲಸ ಇದೆಯಂತೆ, ಈ ದೀಪಾವಳಿಗೆ ಬರಕ್ಕಾಗಲ್ಲ" ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಅಣ್ಣ ಈ ಹುಡುಗನನ್ನು ಕರೆತಂದಾಗ ಅವನಿಗೆ ಒಂದೂವರೆ ವರ್ಷ. "ಎರಡು ತಿಂಗಳು ನೋಡ್ಕೋ, ಆಮೇಲೆ ಕರ್ಕೊಂಡು ಹೋಗ್ತೀನಿ" ಅಂದಿದ್ದ. ಅವನ ಅಮ್ಮನ ವಿಷಯ ನಾನಿಲ್ಲಿ ಬರೆಯಲ್ಲ. ಅದನ್ನು ಯಾರಿಗಾದರೂ ಹೇಳಬೇಕಾದರೆ ಅವನೇ ಹೇಳಿಕೊಳ್ಳಬೇಕು.

ಅಣ್ಣ ದಡ್ಡನಲ್ಲ, ಕೆಟ್ಟವನೂ ಅಲ್ಲ. ಹದಿನಾಲ್ಕನೇ ವಯಸ್ಸಿಗೆ ನಮ್ಮ ತೋಟದ ಹಿಂದಿನ ಹಳ್ಳ ಎಲ್ಲಿ ಹುಟ್ಟುತ್ತೆ ನೋಡ್ತೀನಿ ಅಂತ ಹೋಗಿ, ಮೂರು ಭಾನುವಾರ ಅಲೆದು, ಅದರ ನಕ್ಷೆ ಬರೆದಿದ್ದ. ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿ ಮಾಡಿದ್ದು. ಎಲ್ಲಿ ಬಂಡೆ, ಎಲ್ಲಿ ಹೊಂಡ, ಎಲ್ಲಿ ದಾಟಬಹುದು, ಎಲ್ಲ ಇತ್ತು. ಫಾರೆಸ್ಟ್ ಗಾರ್ಡ್ ಒಬ್ಬರು ನೋಡಿ ನಕಲು ಮಾಡಿಕೊಂಡು ಹೋದರು. ಈಗ ಹಿಮಾಲಯದಲ್ಲಿ ಜನರನ್ನು ಗುಡ್ಡ ಹತ್ತಿಸುತ್ತಾನೆ. ಅವನ ಜೊತೆ ಒಂದು ಸಲ ಹೋದವರು ನನಗೆ ಫೋನ್ ಮಾಡಿ ಹೊಗಳುತ್ತಾರೆ. ಎಂಥಾ ತಾಳ್ಮೆ, ಎಷ್ಟು ಜೋಪಾನವಾಗಿ ನೋಡ್ಕೊಂಡ್ರು ಅಂತಾರೆ. ನಾನು ಹೂಂ ಅಂತೀನಿ. ಅಮ್ಮ ಕೇಳಿದರೆ ಒಂದೇ ಮಾತು: "ಅವನು ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದು."

ಹಾಗಾಗಿ ಜಿನ್ ಮೇಲೆ ನನಗೆ ಮೊದಲ ಕಂತಿನಿಂದಲೂ ಕೋಪ. ಇದನ್ನು ಮುಚ್ಚಿಡಲ್ಲ. ಗ್ರೀಡ್ ಐಲ್ಯಾಂಡ್ ಭಾಗ ಬಂದಾಗಂತೂ ಜಾಸ್ತಿಯೇ ಆಯಿತು. ಜಿನ್ ಗೆಳೆಯರ ಜೊತೆ ಸೇರಿ ಆ ಹೆಸರಿನ ಒಂದು ವಿಡಿಯೋ ಆಟ ಮಾಡಿರುತ್ತಾನೆ. ಬಿಟ್ಟದ್ದು ಬರೀ 100 ಪ್ರತಿ. ಒಂದಕ್ಕೆ ಅವರ ದುಡ್ಡಿನಲ್ಲಿ 580 ಕೋಟಿ ಜೆನಿ. ಆಡಲು ಕೂತವರನ್ನು ಆ ಆಟ ನಿಜವಾದ ಒಂದು ದ್ವೀಪಕ್ಕೇ ಎಳೆದುಕೊಂಡು ಹೋಗುತ್ತದೆ. ಮುಂದೊಂದು ದಿನ ನನ್ನ ಮಗ ಇಲ್ಲಿಗೆ ಬರ್ತಾನೆ ಅಂತ ಅಲ್ಲಿರುವ ಗೆಳೆಯನಿಗೆ ಮೊದಲೇ ಹೇಳಿಟ್ಟಿರುತ್ತಾನೆ. ಇಡೀ ದ್ವೀಪ ಕಟ್ಟುವಷ್ಟು ಪುರುಸೊತ್ತು ಇದೆ, ಮನೆಗೆ ಒಂದು ಸಲ ಬಂದು ಹೋಗಲು ಇಲ್ಲ. ನಾನು ಇದನ್ನು ಹೇಳಿದಾಗ ಇವನು, "ಆದ್ರೂ ಆಟ ಸೂಪರ್ ಅಲ್ವಾ" ಅಂದ. ಹೌದು, ಸೂಪರ್. ಅದೇ ಅಲ್ವಾ ಕಷ್ಟ. ಅಂಥವರು ತರುವ ಉಡುಗೊರೆ ಯಾವತ್ತೂ ಸೂಪರ್ ಆಗೇ ಇರುತ್ತೆ. ಅಣ್ಣ ಐದು ವರ್ಷದ ಹಿಂದೆ ಹಿಮಾಲಯದ ಸ್ಪಿತಿ ಕಣಿವೆಯಿಂದ ಒಂದು ಕಲ್ಲು ತಂದುಕೊಟ್ಟಿದ್ದ, ಒಳಗೆ ಶಂಖದಂಥ ಹುಳುವಿನ ಅಚ್ಚು ಇರುವ ಕಪ್ಪು ಕಲ್ಲು. ಅದು ಇವನ ದಿಂಬಿನ ಪಕ್ಕ ಇದೆ. ನಾನು ಪ್ರತಿ ಜೂನ್‌ನಲ್ಲಿ ತಂದುಕೊಡುವ ರೈನ್‌ಕೋಟು ಬಾಗಿಲ ಹಿಂದೆ ಇದೆ. ರೈನ್‌ಕೋಟು ಇರಬೇಕಾದ ಜಾಗ ಅದೇ, ನನಗೆ ಗೊತ್ತು.

ಅದಕ್ಕೂ ಮುಂಚೆ ಒಂದು ದೃಶ್ಯ ಬರುತ್ತೆ. ಮಗ ಹಂಟರ್ ಆದರೆ ಕೊಡು ಅಂತ ಜಿನ್ ಬಿಟ್ಟುಹೋಗಿದ್ದ ಪೆಟ್ಟಿಗೆಯನ್ನು ಮಿತೋ ತೆಗೆದು ಕೊಡುತ್ತಾಳೆ. ಒಳಗೆ ಒಂದು ಉಂಗುರ, ಆಟದ ಮೆಮೊರಿ ಕಾರ್ಡು, ಒಂದು ಕ್ಯಾಸೆಟ್ಟು. ಕ್ಯಾಸೆಟ್ಟಿನಲ್ಲಿ ಜಿನ್ ಮಾತಾಡುತ್ತಾ, ನಿನ್ನ ತಾಯಿಯ ಬಗ್ಗೆ ತಿಳಿಯಬೇಕಾದರೆ ಮುಂದೆ ಕೇಳು, ಬೇಡವಾದರೆ ನಿಲ್ಲಿಸು ಅನ್ನುತ್ತಾನೆ. ಗೊನ್ ನಿಲ್ಲಿಸುತ್ತಾನೆ. ಪಕ್ಕದಲ್ಲಿದ್ದ ಗೆಳೆಯ ಕಿಲುವಾ ಯಾಕೋ ಅಂದರೆ, ನನ್ನ ತಾಯಿ ಮಿತೋ ಅನ್ನುತ್ತಾನೆ. ಅಷ್ಟೇ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಇವನು ಏನೂ ಕೇಳಲಿಲ್ಲ. ಎದ್ದುಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು, ಮತ್ತೆ ಪ್ಲೇ ಒತ್ತಿದ.

ಈಗ ಮಂಗಳವಾರಕ್ಕೆ ಬರ್ತೀನಿ. ಕಥೆಯಲ್ಲಿ ಗೊನ್ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಾನೆ. ಆ ಹೊತ್ತಿಗೆ ಹಂಟರ್ ಸಂಘದ ಅಧ್ಯಕ್ಷರ ಚುನಾವಣೆ. ಜಿನ್ ಅಲ್ಲೇ ಸಭೆಯಲ್ಲಿ ಕೂತಿದ್ದಾನೆ. ಮಗನನ್ನು ನೋಡಲು ಹೋಗಿಲ್ಲ. ಗೊನ್‌ನ ಗೆಳೆಯ ಲಿಯೋರಿಯೋ, ಡಾಕ್ಟರ್ ಆಗಬೇಕು ಅಂತ ಓದುತ್ತಿರುವವನು, ಎದ್ದು ನಿಂತು ಜಿನ್‌ನನ್ನು ಎಲ್ಲರ ಮುಂದೆ ತರಾಟೆಗೆ ತಗೊಳ್ಳುತ್ತಾನೆ. ಆಮೇಲೆ ಲಿಯೋರಿಯೋ ಇಲ್ಲಿ ಮೇಜಿಗೆ ಗುದ್ದಿದರೆ ಮುಷ್ಟಿ ಅಲ್ಲಿ ಜಿನ್ ಮುಖಕ್ಕೆ ಬೀಳುತ್ತೆ. ಆ ಒಂದು ಗುದ್ದಿಗೆ ಲಿಯೋರಿಯೋಗೆ ಓಟು ಏರುತ್ತಾ ಹೋಗುತ್ತವೆ.

ನಾನು ಚಪ್ಪಾಳೆ ತಟ್ಟಿದೆ. "ಹಾಕು ಇನ್ನೊಂದು!" ಅಂತ ಕೂಗಿಯೂಬಿಟ್ಟೆ. ಅಮ್ಮ ದೇವರ ಕೋಣೆಯಿಂದ ಏನಾಯ್ತು ಅಂತ ಬಂದರು. ತಿರುಗಿ ನೋಡಿದರೆ ಹುಡುಗ ಸುಮ್ನೆ ಅನ್ನ ಕಲಸುತ್ತಿದ್ದಾನೆ.

"ನಿಂಗೆ ಖುಷಿ ಆಗ್ಲಿಲ್ವಾ?"

"ಆಯ್ತು. ಲಿಯೋರಿಯೋ ಒಳ್ಳೆಯವನು."

"ಮತ್ತೆ?"

"ಗೊನ್‌ಗೆ ಕೋಪ ಇಲ್ಲ ಅತ್ತೆ. ಕೋಪ ಇರೋದು ಬೇರೆಯವರಿಗೆ."

ಅಷ್ಟು ಹೇಳಿ ಉಪ್ಪಿನಕಾಯಿ ಬಾಟಲಿ ಎಳೆದುಕೊಂಡ. ದನಿಯಲ್ಲಿ ದೂರು ಇರಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಬುಧವಾರ ಬಸ್ಸಿನಲ್ಲಿ ಕೂತು ಯೋಚಿಸಿದೆ. ಅವನು ಹೇಳಿದ್ದು ನಿಜ. ಇಷ್ಟು ಕಂತಿನಲ್ಲಿ ಗೊನ್ ಅಪ್ಪನನ್ನು ಒಂದು ಸಲವೂ ಬೈದಿಲ್ಲ. ಶುರುವಿನಲ್ಲೇ, ಮಗುವನ್ನೇ ಬಿಟ್ಟು ಹೋಗುವಷ್ಟು ಇಷ್ಟವಾಗುವ ಕೆಲಸ ಎಷ್ಟು ಚೆನ್ನಾಗಿರಬೇಕು ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಅದನ್ನು ಕೇಳಿದಾಗ ನನ್ನ ಹೊಟ್ಟೆ ಕಲಸಿದಂತಾಗಿತ್ತು. ಕೋಪ ಮಿತೋಗೆ, ಕೋಪ ಲಿಯೋರಿಯೋಗೆ, ಕೋಪ ಸಾಗರದಲ್ಲಿ ಕೂತ ನನಗೆ. ಆ ಹುಡುಗನ ಪರವಾಗಿ ನಾವೆಲ್ಲ ಹೊತ್ತು ತಿರುಗುತ್ತಿದ್ದೇವೆ. ಹೊರು ಅಂತ ಅವನು ಕೇಳಿಲ್ಲ.

ಗುರುವಾರದ ಹೊತ್ತಿಗೆ ಇನ್ನೊಂದು ಹೊಳೆಯಿತು. ಅದು ಮೊದಲಿನದಕ್ಕಿಂತ ಕಷ್ಟದ್ದು. ಗೊನ್‌ಗೆ ಕೋಪವೇ ಬರಲ್ಲ ಅಂತಲ್ಲ. ಕೈಟ್‌ನನ್ನು ಕೊಂದವಳ ಎದುರು ಬರುತ್ತಲ್ಲ, ಎಂಥಾ ಕೋಪ ಅದು! ಗೆಳೆಯನ ಮುಖ ಕಾಣಿಸಲ್ಲ, ತನ್ನ ಜೀವ ಕಾಣಿಸಲ್ಲ, ಮುಂದೆ ಬೆಳೆದು ಪಡೆಯಬೇಕಾದ ಶಕ್ತಿಯನ್ನೆಲ್ಲ ಆ ಒಂದು ಗಳಿಗೆಯಲ್ಲಿ ಸುಟ್ಟುಕೊಳ್ಳುತ್ತಾನೆ. ಆಸ್ಪತ್ರೆ ಸೇರಿದ್ದೇ ಅದರಿಂದ. ಕೈಟ್ ಯಾರು? ನಿನ್ನಪ್ಪ ಬದುಕಿದ್ದಾನೆ ಅಂತ ಮೊದಲು ಹೇಳಿದವನು. ಆ ಹುಡುಗನಿಗೆ ಅಪ್ಪನ ಬದಲಿಗೆ ಸಿಕ್ಕಿದವನು. ಅಪ್ಪನ ಮೇಲೆ ಬಾರದ ಕೋಪ ಎಲ್ಲೋ ಕೂತಿತ್ತು, ಜಾಗ ಸಿಕ್ಕಲ್ಲಿ ಸುರಿಯಿತು ಅಂತ ನನಗೆ ಅನಿಸುತ್ತೆ. ಹೋದ ವರ್ಷ ಇವನೂ ಶಾಲೆಯಲ್ಲಿ ಒಬ್ಬ ಹುಡುಗನಿಗೆ ಹೊಡೆದಿದ್ದ. ಯಾವತ್ತೂ ಕೈ ಎತ್ತದವನು. ತನಗೆ ಬೈದಿದ್ದಕ್ಕಲ್ಲ, ಗೆಳೆಯನಿಗೆ ಬೈದಿದ್ದಕ್ಕೆ. ಟೀಚರ್ ಹೇಳಿಕಳಿಸಿ ನಾನು ಹೋದಾಗ ಇನ್ನೂ ನಡುಗುತ್ತಿದ್ದ. ಆ ಕೈ ಹಿಡಿದುಕೊಂಡೇ ಮನೆವರೆಗೆ ನಡೆದು ಬಂದೆ. ಅವತ್ತು ನನಗೆ ಅರ್ಥವಾಗಿರಲಿಲ್ಲ. ಈಗಲೂ ಪೂರ್ತಿ ಆಗಿದೆ ಅಂತ ಹೇಳಲಾರೆ.

ಶುಕ್ರವಾರ ಮಳೆಗೆ ಶಾಲೆಗೆ ರಜೆ ಕೊಟ್ಟರು. ನಾನೂ ರಜೆ ಹಾಕಿದೆ. ಉಳಿದ ಕಂತುಗಳನ್ನೆಲ್ಲ ನೋಡಿ ಮುಗಿಸಿದೆವು. ಗುಣವಾದ ಗೊನ್ ಸಭೆಗೇ ಬಂದು ಅಪ್ಪನನ್ನು ನೋಡುತ್ತಾನೆ. ನೋಡಿದ ಕೂಡಲೇ ಅಳುವುದು ಏನಕ್ಕೆ? ನನ್ನಿಂದ ಕೈಟ್‌ಗೆ ಹೀಗಾಯಿತು ಅಂತ. ಆಗಲೂ ನೀನು ಯಾಕೆ ಬರಲಿಲ್ಲ ಅಂತ ಕೇಳಲ್ಲ. ಆಮೇಲೆ ವಿಶ್ವವೃಕ್ಷದ ತುದಿಯಲ್ಲಿ ಅಪ್ಪ ಮಗ ಇಬ್ಬರೇ. ಜಿನ್ ತನ್ನ ಕಥೆ ಹೇಳುತ್ತಾನೆ. ಒಬ್ಬ ರಾಜನ ಗೋರಿಯೊಳಗೆ ಏನಿದೆ ನೋಡಬೇಕು ಅಂತ ಹೊರಟಿದ್ದು, ದಾರಿಯಲ್ಲಿ ಜೊತೆಯಾದವರು, ಕೊನೆಗೆ ಒಳಗೆ ಕಾಲಿಟ್ಟಾಗ ಗೋರಿಗಿಂತ ಆ ಗೆಳೆಯರ ಮುಖವೇ ಹೆಚ್ಚು ಖುಷಿ ಕೊಟ್ಟಿದ್ದು. ಗುರಿಗಿಂತ ದೊಡ್ಡದು ದಾರಿ ತಪ್ಪಿ ಸುತ್ತುವಾಗಲೇ ಸಿಗುತ್ತೆ, ಅದನ್ನು ಚೆನ್ನಾಗಿ ಅನುಭವಿಸು ಅಂತಾನೆ.

ಒಪ್ಪಿಕೊಳ್ಳಲೇಬೇಕು, ಚೆನ್ನಾಗಿ ಹೇಳುತ್ತಾನೆ. ಮಗನನ್ನು ಚಿಕ್ಕವನು ಅಂತ ನೋಡಲ್ಲ, ಸುಳ್ಳು ಹೇಳಲ್ಲ. ಆದರೆ ನನಗೆ ಆ ಮರದ ಮೇಲೆ ಮಿತೋ ಕಾಣಲಿಲ್ಲ. ಹುಡುಗ ಊರೂರು ಸುತ್ತುವಾಗ ಅವನ ಬೆನ್ನ ಹಿಂದೆ ಒಂದು ಮನೆ ಇತ್ತಲ್ಲ, ಬಂದಾಗ ಊಟ ಹಾಕುವ ಮನೆ, ಅದು ಇದ್ದುದರಿಂದಲೇ ಅವನು ಧೈರ್ಯವಾಗಿ ದಾರಿ ತಪ್ಪಬಹುದಿತ್ತು. ಬರೆದ ತೊಗಾಶಿಯವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬಲ್ಲ. ಕ್ಯಾಸೆಟ್ಟು ನಿಲ್ಲಿಸುವ ಆ ದೃಶ್ಯ ಬರೆದವರು ಅವರೇ. 1998ರಲ್ಲಿ ಶುರು ಮಾಡಿದ ಕಥೆ, ಇನ್ನೂ ಮುಗಿದಿಲ್ಲ. ಬೆನ್ನು ನೋವಿಗೆ ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ಬರೆಯಲಾಗದೆ, 2022ರಲ್ಲಿ ಮತ್ತೆ ಶುರು ಮಾಡಿದರಂತೆ. ಮುಂದೆ ಎಲ್ಲಾದರೂ ಮಿತೋಗೆ ಇನ್ನೊಂದು ಅಧ್ಯಾಯ ಸಿಕ್ಕಲಿ ಅಂತ ನನ್ನ ಆಸೆ.

ನಿನ್ನೆ ಸಂಜೆ ಅಣ್ಣನ ಫೋನ್ ಬಂತು. "ಸಿಗ್ನಲ್ ಸಿಕ್ತು, ಅದಕ್ಕೇ ಮಾಡಿದೆ."

ಯಾವಾಗಲೂ ಏನಾಗುತ್ತೆ ಅಂದರೆ, ಮೊದಲು ನಾನು ಮಾತಾಡ್ತೀನಿ. ಫೀಸು ಕಟ್ಟಿದ್ದು, ಅಮ್ಮನ ಮಂಡಿ ನೋವು, ಮಾರ್ಕ್ಸ್ ಕಾರ್ಡು, ನೀನು ಯಾವಾಗ ಬರ್ತೀಯ, ಹೋದ ಸಲವೂ ಹೀಗೇ ಅಂದಿದ್ದೆ. ಹುಡುಗ ಬಾಗಿಲ ಹತ್ತಿರ ನಿಂತಿರುತ್ತಾನೆ. ನನ್ನ ಜಗಳ ಮುಗಿದು ಫೋನ್ ಅವನ ಕೈಗೆ ಹೋಗುವಷ್ಟರಲ್ಲಿ ಸಿಗ್ನಲ್ ಹೋಗುವ ಹೊತ್ತು. ಊಟ ಆಯ್ತಾ, ಆಯ್ತು, ಅಷ್ಟೇ. ಇಷ್ಟು ವರ್ಷ ಹೀಗೇ ನಡೆದಿದೆ. ನಿನ್ನೆ ಅವನು ಬಾಗಿಲ ಹತ್ತಿರ ನಿಂತಿದ್ದು ಕಣ್ಣಿಗೆ ಬಿತ್ತು. ಬಾಯಿಗೆ ಬಂದ ಫೀಸಿನ ಮಾತು ನುಂಗಿ, "ಇಲ್ಲೇ ಇದ್ದಾನೆ, ಕೊಡ್ತೀನಿ" ಅಂದೆ.

ಅವನು ಫೋನ್ ಹಿಡಿದು ಜಗಲಿಗೆ ಹೋದ. ನಾನು ಒಳಗೆ ಹಲಸಿನ ಬೀಜ ಬಿಡಿಸುತ್ತಾ ಕೂತೆ. ಮಳೆ ಸದ್ದಿಗೆ ಮಾತು ಕೇಳಿಸಲಿಲ್ಲ. ಒಂದು ಸಲ ಜೋರಾಗಿ ನಕ್ಕಿದ್ದು ಕೇಳಿಸಿತು. ಅರ್ಧ ಗಂಟೆ ಮಾತಾಡಿದರು.

"ಏನಂದ?"

"ದಾರಿಲಿ ಹಿಮ ಇನ್ನೂ ಕರಗಿಲ್ವಂತೆ. ಯಾವಾಗ ಬರ್ತೀಯ ಅಂತ ಕೇಳ್ದೆ."

"ಏನಂದ?"

"ಗೊತ್ತಿಲ್ಲ ಅಂದ."

ನನ್ನ ಕೈಯಲ್ಲಿದ್ದ ಬೀಜ ಅಲ್ಲೇ ನಿಂತಿತು. ಅವನು ಪಕ್ಕದಲ್ಲಿ ಕೂತು ತಾನೂ ಒಂದು ಬೀಜ ತಗೊಂಡು ಸಿಪ್ಪೆ ಕೀಳತೊಡಗಿದ. ಸ್ವಲ್ಪ ಹೊತ್ತಾದ ಮೇಲೆ, "ಹಳ್ಳದ ನಕ್ಷೆ ಅಟ್ಟದ ಮೇಲಿದೆಯಂತೆ. ನಿಂಗೆ ಗೊತ್ತಾ?" ಅಂದ.

ಗೊತ್ತಿತ್ತು. ತಗಡಿನ ಟ್ರಂಕಿನಲ್ಲಿ, ಹಳೇ ಸೀರೆಯೊಳಗೆ ಸುತ್ತಿ ನಾನೇ ಇಟ್ಟಿದ್ದು. ಏಣಿ ತಂದು ಇಳಿಸಿದೆ. ಮಡಿಕೆಗಳಲ್ಲಿ ಹರಿದಿತ್ತು, ಒಂದು ಮೂಲೆ ಗೆದ್ದಲು ತಿಂದಿತ್ತು. ಊಟದ ಮೇಜಿನ ಮೇಲೆ ಹರಡಿ ನಾಲ್ಕೂ ಕಡೆ ಲೋಟ ಇಟ್ಟೆವು. ಹಳ್ಳ ಹುಟ್ಟುವ ಜಾಗಕ್ಕೆ ಅಣ್ಣ ನೀಲಿ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ತಂಗಿಯೂ ಬಂದಿದ್ದಳು' ಅಂತ ಇತ್ತು. ಮೂರನೇ ಭಾನುವಾರ ನಾನೂ ಹಿಂದೆ ಹೋಗಿದ್ದೆ. ಮರೆತೇಹೋಗಿತ್ತು.

"ಇಲ್ಲಿಗೆ ಎಷ್ಟು ದೂರ ಅತ್ತೆ?"

"ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ಮಳೆ ಸ್ವಲ್ಪ ಕಮ್ಮಿ ಆಗ್ಲಿ. ಇಂಬಳ ಹತ್ತುತ್ತೆ, ಉಪ್ಪು ತಗೊಂಡು ಹೋಗ್ಬೇಕು."

ಅವನು ಆಗಲೇ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತೆಗೆದು ನೋಡುತ್ತಿದ್ದ.