ದುಂಡಗಿದ್ದರೆ ಎಲ್ಲವೂ ‘ರ’

ಮಗಳಿಗೆ ಈಗ ಕಂಡಕಂಡಲ್ಲೆಲ್ಲ ಅಕ್ಷರದ ಹುಚ್ಚು. ಔಷಧದ ಬಾಟಲಿ, ಬಸ್ಸಿನ ಫಲಕ, ನನ್ನ ಅಂಗಿಯ ಮೇಲಿನ ಬರಹ, ಯಾವುದನ್ನೂ ಬಿಡುವುದಿಲ್ಲ. ದುಂಡಗಿರುವುದೆಲ್ಲ ಅವಳ ಪಾಲಿಗೆ ‘ರ’. ಹಾಗೆಂದು ಅದನ್ನು ಉಚ್ಚರಿಸಲು ಬರುತ್ತದೆಯೇ? ಬಾಯಿಂದ ಹೊರಡುವುದು ‘ಲ’. ಪ, ಬ, ಮ ತುಟಿಯಲ್ಲೇ ಹುಟ್ಟುವ ಸದ್ದುಗಳು. ಹೇಳುವವರ ಬಾಯಿ ನೋಡಿದರೂ ಗೊತ್ತಾಗುತ್ತದೆ, ಹಾಗಾಗಿ ಮಕ್ಕಳಿಗೆ ಬೇಗ ಒಲಿಯುತ್ತವೆ. ‘ರ’ಕಾರಕ್ಕೆ ನಾಲಿಗೆಯ ತುದಿ ಕಂಪಿಸಬೇಕು, ಅದು ಎಷ್ಟೋ ಮಕ್ಕಳಿಗೆ ತಡವಾಗಿಯೇ ಬರುವುದು. ಅವಳು ‘ಲಾಜ’ ಎಂದರೆ ನಾನು ‘ಹೌದು, ರಾಜ’ ಎಂದು ಕತೆ ಮುಂದುವರಿಸುತ್ತೇನೆ, ಅಷ್ಟೇ.

‘ಇನ್ನೂ ಬರೆಯಲು ಕೂರಿಸಿಲ್ಲವೇ?’ ಎಂದು ಬಂದವರೆಲ್ಲ ಕೇಳುತ್ತಾರೆ. ಪುಟ್ಟ ಬೆರಳುಗಳಿಗೆ ಬಳಪ ಹಿಡಿಯುವ ಹದವೇ ಬಂದಿಲ್ಲ, ಇವರಿಗೇನು ಅವಸರವೋ! ಸದ್ಯಕ್ಕೆ ನಮ್ಮದು ಪ್ರಾಸದ ಆಟ. ನಾನು ‘ಕಾಲು, ಹಾಲು’ ಎಂದರೆ ಅವಳು ‘ಟಾಲು’ ಎಂದು ಸೇರಿಸಿ ಬಿದ್ದು ಬಿದ್ದು ನಗುತ್ತಾಳೆ. ಅರ್ಥವಿಲ್ಲದಿದ್ದರೇನು, ಕೊನೆಯ ಸದ್ದು ಒಂದೇ ಎಂದು ಕಿವಿಗೆ ಹೊಳೆದಿದೆಯಲ್ಲ! ಮುಂದೆ ಓದು ಕಲಿಯುವಾಗ ಆಸರೆಯಾಗುವುದು ಈ ಕಿವಿಯೇ. ಪುಸ್ತಕವನ್ನು ಮಾತ್ರ ಇನ್ನೂ ತಲೆಕೆಳಗಾಗಿ ಹಿಡಿದೇ ‘ಓದುತ್ತಾಳೆ’. ನೆಟ್ಟಗೆ ಮಾಡಿ ಕೊಟ್ಟರೆ ಸಿಡುಕಿ ಮತ್ತೆ ತಿರುಗಿಸಿಕೊಳ್ಳುತ್ತಾಳೆ.